ಅಪ್ಪನ ಮೂಗಿನ ಗುಳ್ಳೆಗಳು

ಫೋಟೊ ಸ್ಟುಡಿಯೊದಲ್ಲಿ ಅವನನ್ನು ಎಲ್ಲರೂ ನುಣುಪಣ್ಣ ಎಂದೇ ಕರೆಯುತ್ತಿದ್ದರು. ಫಿಲ್ಮಿನ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮೊಡವೆ, ಕಲೆ, ಸುಕ್ಕು ಎಲ್ಲವನ್ನೂ ಮಾಯ ಮಾಡುತ್ತಿದ್ದ. ಅವನ ಕೈಗೆ ಸಿಕ್ಕಿದರೆ ಹಾಗಲಕಾಯಿಯೂ ಸೇಬಾಗುತ್ತದೆ ಎಂದು ಗಿರಾಕಿಗಳು ನಗುತ್ತಿದ್ದರು.

ಎದೆಯೊಳಗೆ ಗಾಳಿ ಸೋರಿ ಶ್ವಾಸಕೋಶ ಮೊದಲ ಸಲ ಕುಸಿದಾಗ ಡಾಕ್ಟರರು ಡಾರ್ಕ್‌ರೂಮಿನ ರಾಸಾಯನಿಕವನ್ನು ದೂರಿದರು. ಎರಡನೆಯ ಸಲ ಸಿಗರೇಟನ್ನು ಬೈದರು. ಪಾಪ, ಅವನು ಅದನ್ನು ಮುಟ್ಟಿದವನೇ ಅಲ್ಲ. ಮತ್ತೊಮ್ಮೆ ಕುಸಿದು, ಎದೆಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಾಗ ಹೊಸ ಡಾಕ್ಟರಮ್ಮ ಅವನ ಮುಖವನ್ನೇ ದಿಟ್ಟಿಸಿದರು.

"ಮೂಗಿನ ಮೇಲೆ ಈ ಬಿಳಿ ಗುಳ್ಳೆಗಳು ಮನೇಲಿ ಬೇರೆ ಯಾರಿಗಿವೆ?"

"ಅಪ್ಪನಿಗಿದ್ವು. ತಂಗಿಗೂ ಇವೆ."

"ಅಪ್ಪ ಹೇಗೆ ತೀರ್ಕೊಂಡ್ರು?"

"ಕಿಡ್ನೀಲಿ ಗಡ್ಡೆ ಆಗಿತ್ತು."

ಈ ಗುಳ್ಳೆ, ಶ್ವಾಸಕೋಶದ ಕುಸಿತ, ಕಿಡ್ನಿಯ ಗಡ್ಡೆ ಮೂರೂ ವಂಶದಲ್ಲಿ ಇಳಿದು ಬರುವ ಒಂದೇ ಅಪರೂಪದ ಕಾಯಿಲೆಯವು ಎಂದರು ಡಾಕ್ಟರಮ್ಮ. ಅವನ ಕಿಡ್ನಿ ಸದ್ಯ ಚೊಕ್ಕವಾಗಿತ್ತು. ತಂಗಿಯನ್ನೂ ಬೇಗ ಕರೆತರಲು ಹೇಳಿದರು.

ತಂಗಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅಪ್ಪ ಸತ್ತಾಗ ಅವಳು ಕೈಗೂಸು. ಅವಳಿಗೆ ಗೊತ್ತಿದ್ದ ಅಪ್ಪ ಗೋಡೆಯ ಮೇಲಿನ ಫೋಟೊದವನು.

"ನೋಡಣ್ಣ, ಅಪ್ಪನ ಮುಖ ಕನ್ನಡಿ ಥರ ಇದೆ, ಒಂದು ಗುಳ್ಳೆನೂ ಇಲ್ಲ. ಸುಮ್ನೆ ನನ್ನ ತಲೆ ತಿನ್ಬೇಡ."

ಆ ಮುಖವನ್ನು ಕನ್ನಡಿ ಮಾಡಿದವನು ಅವನೇ. ಕೆಲಸ ಕಲಿತ ಹೊಸದರಲ್ಲಿ, ಅಪ್ಪ ಚೆನ್ನಾಗಿ ಕಾಣಲಿ ಎಂಬ ಆಸೆಗೆ ತಿದ್ದಿದ್ದ. ಹಾಗೆಂದು ಹೇಳಿದರೆ, ಹೆದರಿಸೋಕೆ ಕಥೆ ಕಟ್ಟುತ್ತೀಯ ಎಂದು ತಂಗಿ ಮುನಿಸಿಕೊಂಡಳು. ಹೀಗೇ ತಿಂಗಳುಗಳು ಉರುಳಿದವು.

ಕೊನೆಗೆ ಹಳೆಯ ನೆಗೆಟಿವ್ ಹುಡುಕಿ, ಪೆನ್ಸಿಲಿನ ಗುರುತನ್ನೆಲ್ಲ ಹತ್ತಿಯಿಂದ ಒರೆಸಿ ಹೊಸ ಪ್ರಿಂಟ್ ಹಾಕಿದ. ದ್ರಾವಣದ ತಟ್ಟೆಯಲ್ಲಿ ಅಪ್ಪ ಗುಳ್ಳೆಗಳ ಸಮೇತ ಮೂಡಿ ಬಂದಾಗ ಬಿಕ್ಕಿ ಬಿಕ್ಕಿ ಅತ್ತ.

ತಂಗಿ ಅದನ್ನು ಬಹಳ ಹೊತ್ತು ನೋಡಿದಳು. ಕೈ ತಾನಾಗಿ ಮೂಗಿಗೆ ಹೋಯಿತು.

"ಅಪ್ಪ ನನ್ನ ಹಾಗೇ ಇದ್ರಲ್ಲೋ ಅಣ್ಣ!"

ಮರುದಿನವೇ ಆಸ್ಪತ್ರೆಗೆ ಬಂದಳು. ಅವಳ ಕಿಡ್ನಿಯಲ್ಲೂ ಗಡ್ಡೆ ಇತ್ತು; ಅಷ್ಟರಲ್ಲಿ ಅದು ಕಿಡ್ನಿ ದಾಟಿ ಹರಡಿತ್ತು. ಕಳೆದುಹೋದ ಆ ತಿಂಗಳುಗಳನ್ನು ಅವನು ಈಗಲೂ ಬೆರಳು ಮಡಚಿ ಎಣಿಸುತ್ತಾನೆ.

ಅವಳು ಹೋದ ಮೇಲೆ ಗೋಡೆಗೆ ಹಾಕುವ ಫೋಟೊ ಮಾಡುವ ಕೆಲಸವೂ ಅವನ ಪಾಲಿಗೇ ಬಂತು. ತಂಗಿಯ ಗಂಡ ಪುಟ್ಟ ಮಗಳನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತು ಮೆಲ್ಲಗೆ ಕೇಳಿದ.

"ಭಾವ, ಆ ಗುಳ್ಳೆಗಳನ್ನ ತೆಗೆದ್ಬಿಡಿ. ಚೆನ್ನಾಗಿ ಕಾಣ್ಲಿ."

"ಒಂದನ್ನೂ ಮುಟ್ಟಲ್ಲಪ್ಪ. ನಿನ್ನ ಮಗಳಿಗೆ ಅಮ್ಮನ ಮುಖ ಗೊತ್ತಿರ್ಲಿ."