ಇಂಗ್ಲಿಷಿಗೂ ಸಂಥೆ

ಸುಮಾ, ರಾಘು, ನಿನ್ನೆ ಸಂಜೆ ಪಡಸಾಲೆಯಲ್ಲಿ ಕೂತು ನೀವಿಬ್ಬರೂ ‘ಲುಕ್ ಆಫ್ಟರ್, ಲುಕ್ ಫಾರ್, ಲುಕ್ ಇಂಟು’ ಎಂದು ಒದರುತ್ತಿದ್ದಿರಿ. ಫ್ರೇಜಲ್ ವರ್ಬ್ ಅಂತೆ, ಪರೀಕ್ಷೆಗೆ ಅಂತೆ. ನನಗೆ ತಲೆ ಚಿಟ್ಟು ಹಿಡಿಯಿತು. ನಿಮ್ಮ ಅಜ್ಜ ಬದುಕಿದ್ದರೆ ಎದ್ದು ಹೊರಗೇ ಹೋಗುತ್ತಿದ್ದರು. ಈ ಗಲಾಟೆಯನ್ನು ನಾವು ನಿಜಾಮರ ಕಾಲದಲ್ಲೇ ಅನುಭವಿಸಿ ಮುಗಿಸಿದ್ದೆವು!

ಆಗ ನಾನು ಸೇಡಮ್ಮಿಗೆ ಹೊಸದಾಗಿ ಬಂದ ಸೊಸೆ. ಅಜ್ಜ ಓದಿದ್ದು ಉರ್ದು ಶಾಲೆಯಲ್ಲಿ. ವಾಡಿ ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿ ಕಾರಕೂನನ ಜಾಗ ಖಾಲಿ ಇತ್ತು. ಅಲ್ಲಿಯ ಸಾಹೇಬರಿಗೆ ಇಂಗ್ಲಿಷ್ ಬಲ್ಲವನೇ ಬೇಕು. ಕೆಲಸ ಸಿಕ್ಕರೆ ವಾಡಿಯಲ್ಲಿ ನಮ್ಮದೇ ಬೇರೆ ಮನೆ. (ನನಗೆ ಎಷ್ಟು ಆಸೆಯಿತ್ತೆಂದು ಯಾರಿಗೂ ಹೇಳಿರಲಿಲ್ಲ.)

ಮಾವನವರು ಗುಡಿಯ ಪೂಜೆಯವರು. ಅವರು ವೇದ ಕಲಿತದ್ದು ಸಂಥೆ ಹೇಳಿ. ಗುರು ಒಮ್ಮೆ ಅಂದದ್ದನ್ನು ಶಿಷ್ಯ ಎರಡು ಸಲ ಅನ್ನಬೇಕು, ಅರ್ಥ ಕೇಳಬಾರದು. ಇಂಗ್ಲಿಷ್ ಕಲಿಸಲು ಬಂದವರಿಗೂ ಅದನ್ನೇ ಹೇಳಿದರು: "ಮಾಸ್ತರ, ಸಂಥಿ ಹೇಳಿಸ್ರಿ. ಅರ್ಥ ಆಮ್ಯಾಲ ತಾನಾ ಬರ್ತದ."

ಬಂತೇ?

ದಿನಾ ಬೆಳಿಗ್ಗೆ ಅಜ್ಜ ಮಡಿಯುಟ್ಟು, ತಲೆಯಾಡಿಸುತ್ತ ‘ಪುಟ್ ಆನ್, ಪುಟ್ ಆಫ್, ಪುಟ್ ಔಟ್’ ಅನ್ನುವುದು. ಅಷ್ಟಮಿ, ಅಮಾವಾಸ್ಯೆಗೆ ವೇದಕ್ಕೆ ರಜೆಯಲ್ಲವೆ, ಇಂಗ್ಲಿಷಿಗೂ ರಜೆ! ‘ಪುಟ್’ ಅಂದರೆ ಇಡು, ‘ಔಟ್’ ಅಂದರೆ ಹೊರಗೆ. ಎರಡೂ ಕೂಡಿದರೆ ದೀಪ ಆರಿಸು ಎಂದಂತೆ. ಇದು ಯಾವ ನ್ಯಾಯ? (ನಮ್ಮಲ್ಲೂ ‘ಕೈಕೊಟ್ಟ’ ಎಂದರೆ ಯಾರೂ ಕೈ ಕೊಟ್ಟಿರುವುದಿಲ್ಲ. ಆದರೆ ಅದನ್ನು ನಾವು ಬಾಯಿಪಾಠ ಮಾಡಿ ಕಲಿತೆವೇ? ಜಗಳ ಕೇಳಿ ಕಲಿತೆವು.)

ಅಜ್ಜ ವಾಡಿಗೆ ಹೋದರು. ಸಾಹೇಬರು ಕೇಳಿದ್ದು ಇಷ್ಟೇ: ನಾನಿಲ್ಲದಾಗ ಈ ಆಫೀಸನ್ನು ಹೇಗೆ ‘ಲುಕ್ ಆಫ್ಟರ್’ ಮಾಡುತ್ತೀ? ಅಜ್ಜನಿಗೆ ಅದು ಗುರು ಎತ್ತಿಕೊಟ್ಟ ಸಂಥೆಯಂತೆ ಕೇಳಿಸಿತು. ‘ಲುಕ್ ಆಫ್ಟರ್, ಲುಕ್ ಆಫ್ಟರ್’ ಎಂದು ಎರಡು ಸಲ ಅಂದರು. ಅಲ್ಲಿಗಾದರೂ ನಿಂತರೇ? ‘ಲುಕ್’ ಪಾಠ ಪೂರ್ತಿ ಮುಗಿಸಿ ಕೈಮುಗಿದರು. ಸಾಹೇಬರು ಬಾಗಿಲು ತೋರಿಸಿದರು.

ಸುದ್ದಿ ಕೇಳಿ ಮಾವನವರು, "ಎಲ್ಲ್ಯೋ ಸ್ವರ ತಪ್ಪಿರಬೇಕು. ನಾಳಿಂದ ಮತ್ತ ಮೊದಲಿಂದ ಸುರು ಮಾಡು" ಎಂದರು.

ಅವರ ಮುಂದೆ ಎಂದೂ ದನಿ ತೆಗೆಯದವಳು ನಾನು. ಅಂದು ಬಾಗಿಲ ಹಿಂದಿನಿಂದ ಅಂದೇಬಿಟ್ಟೆ. "ಸ್ವರ ಅಲ್ರೀ ಮಾವನವರ. ಇವರು ಒಂದ್ ದಿನಾನೂ ಇಂಗ್ಲಿಷಿನ್ಯಾಗ ಮಾತಾಡೇ ಇಲ್ಲ. ಬರೇ ಒದರ್‍ಲಿಕತ್ತಾರ. ಮಾತಾಡ್ಲಿಕ್ಕೆ ಬಿಡ್ರಿ."

ಮಾವನವರು ಸಿಟ್ಟಾಗಲಿಲ್ಲ. "ಮಾತಾಡ್ಲಿ ತಾಯಿ, ಬ್ಯಾಡಂದವರ್ಯಾರು? ಆದ್ರ ಯಾರ ಜೋಡಿ?"

ನಿಜ. ಊರಲ್ಲಿ ಯಾರಿದ್ದರು? (ಮಾಸ್ತರರೂ ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ.) ಒಲೆಯ ಮುಂದೆ ಹೋಗಿ ಕೂತೆ. ವಾಡಿಯ ಮನೆ ವಾಡಿಯಲ್ಲೇ ಉಳಿಯಿತು.

ನೀವಾದರೋ ಇಬ್ಬರಿದ್ದೀರಿ, ಒಬ್ಬರಿಗೊಬ್ಬರು. ನಾನು ಬರೆದ ಈ ಹಾಳೆಗಳನ್ನು ಜೋಪಾನವಾಗಿ ಎತ್ತಿಡಿ, ಮಕ್ಕಳೇ. ಆದರೆ ಕಲಿತ ಇಂಗ್ಲಿಷನ್ನೂ ಹೀಗೆಯೇ ಎತ್ತಿಟ್ಟರೆ ಏನು ಬಂತು ಭಾಗ್ಯ?