ವಾಷರಕ್ಕನ ಎರಡು ನಿಮಿಷ

ಬೆಳಗಿನ ಆರು ಗಂಟೆ. ಶೂಟಿಂಗ್ ಕ್ಲಬ್ಬಿನ ಹಿಂಬದಿಯ ಕೋಣೆಯಲ್ಲಿ ಟ್ಯೂಬ್‌ಲೈಟ್ ಹತ್ತಲೋ ಬೇಡವೋ ಎಂದು ಮಿಣುಕುತ್ತಿದೆ. ಅದರ ಕೆಳಗೆ ಐವತ್ತೆರಡು ವರ್ಷದ ಹೆಂಗಸೊಬ್ಬರು ನೀಲಿ ಪ್ಲಾಸ್ಟಿಕ್ ಬಕೆಟ್ಟಿನ ಮೇಲೆ ಬಗ್ಗಿ ಕೂತಿದ್ದಾರೆ. ನೀರಿನಲ್ಲಿ ಮೊಳದುದ್ದದ ಅಲ್ಯೂಮಿನಿಯಂ ಸಿಲಿಂಡರು ಮುಳುಗಿದೆ. ಹತ್ತು ಸೆಕೆಂಡು ಕಳೆಯುತ್ತದೆ, ಇಪ್ಪತ್ತಾಗುತ್ತದೆ. ಸಿಲಿಂಡರಿನ ಕತ್ತಿನಿಂದ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಮೇಲೆದ್ದು ಒಡೆಯುತ್ತದೆ.

"ಬಂತಲ್ಲ ಮಹಾರಾಯ" ಎಂದು ಅವರು ಬೆನ್ನು ನೆಟ್ಟಗೆ ಮಾಡುತ್ತಾರೆ. ದನಿಯಲ್ಲಿ ಸಂತೋಷವೇನೂ ಇಲ್ಲ. "ಇದರ ಯಜಮಾನ್ರು ಮೂರು ವಾರದಿಂದ ನನ್ನ ಮೇಲೆ ಹಾರಾಡ್ತಿದ್ರು. ಸೋರ್ತಾ ಇಲ್ವಂತೆ, ನಾನೇ ಗಾಳಿ ಕಮ್ಮಿ ತುಂಬ್ತೀನಂತೆ. ಗಾಳಿ ಉಳಿಸಿಕೊಂಡು ನಾನೇನು ಮನೆಗೆ ತಗೊಂಡು ಹೋಗ್ಲಾ?"

ಇವರನ್ನು ಕ್ಲಬ್ಬಿನಲ್ಲಿ ಎಲ್ಲರೂ ಕರೆಯುವುದು ವಾಷರಕ್ಕ ಎಂದು. ಮೊದಮೊದಲು ತಮಾಷೆಗೆ ಇಟ್ಟ ಹೆಸರು ಈಗ ಹಾಜರಿ ಪುಸ್ತಕದಲ್ಲೂ ಸೇರಿಕೊಂಡಿದೆ. ಗಾಳಿಬಂದೂಕುಗಳ ರಿಪೇರಿ ಮತ್ತು ಆರೈಕೆ ಇವರ ಕೆಲಸ. ಕ್ಲಬ್ಬಿಗೆ ಸೇರಿದ ಬಂದೂಕುಗಳು ಮೂವತ್ತನಾಲ್ಕು, ಸದಸ್ಯರ ಸ್ವಂತದ್ದು ಇನ್ನೂ ಹದಿನೆಂಟು. ಪದಕ ಗೆದ್ದವರ ಫೋಟೊಗಳು ಮುಂದಿನ ಹಜಾರದ ತುಂಬ ಇವೆ. ಅವರ ಕೈಯಲ್ಲಿರುವ ಪ್ರತಿ ಬಂದೂಕೂ ಈ ಕೋಣೆಯ ಮೇಜನ್ನು ಹಾದುಹೋದದ್ದೇ.

ಬಂದೂಕು ಎಂದಾಕ್ಷಣ ಮದ್ದು, ಹೊಗೆ ನೆನೆದುಕೊಳ್ಳುವವರನ್ನು ಕಂಡರೆ ವಾಷರಕ್ಕನಿಗೆ ರೇಗುತ್ತದೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನೂ ಆ ಪೈಕಿಯೇ ಆಗಿದ್ದೆ. ಇದರಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ. ಇರುವುದು ಒತ್ತಿ ತುಂಬಿದ ಗಾಳಿ ಮಾತ್ರ. ಆದರೆ ಆ ಗಾಳಿಯ ಒತ್ತಡ ಕಾರಿನ ಚಕ್ರದಲ್ಲಿರುವುದಕ್ಕಿಂತ ಎಂಬತ್ತು ಪಟ್ಟು ಹೆಚ್ಚು. ಅಷ್ಟನ್ನೂ ಒಮ್ಮೆಗೇ ಬಿಟ್ಟರೆ ಒಂದು ಗುಂಡು ಹೋದಂತೆ ಇನ್ನೊಂದು ಹೋಗುವುದಿಲ್ಲ. ಅದಕ್ಕೇ ಒಳಗೊಂದು ರೆಗ್ಯುಲೇಟರ್ ಇದೆ. ಅಡುಗೆ ಅನಿಲದ ಸಿಲಿಂಡರಿನ ಮೇಲೆ ಕೂತಿರುತ್ತದಲ್ಲ, ಅದರದೇ ತಮ್ಮ. ಸಿಲಿಂಡರಿನ ಒತ್ತಡವನ್ನು ತಗ್ಗಿಸಿ, ಪ್ರತಿ ಗುಂಡಿಗೂ ಒಂದೇ ಅಳತೆಯ ಗಾಳಿ ಬಡಿಸುವುದು ಅದರ ಕೆಲಸ. ಹತ್ತು ಮೀಟರ್ ದೂರದ ಗುರಿಯ ನಡುಮಧ್ಯದ ಚುಕ್ಕೆ ಪೆನ್ನಿನ ಮೊನೆಯಷ್ಟು. ಗಾಳಿ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಗುಂಡು ಚುಕ್ಕೆ ಬಿಟ್ಟು ಆಚೆ ಕೂರುತ್ತದೆ.

ವಾಷರಕ್ಕ ಈ ಕೆಲಸಕ್ಕೆ ಬಂದದ್ದು ಕುಕ್ಕರಿನ ದಾರಿ ಹಿಡಿದು. ಅವರ ತಂದೆಗೆ ಸ್ಟೌ, ಕುಕ್ಕರ್ ರಿಪೇರಿಯ ಚಿಕ್ಕ ಅಂಗಡಿಯಿತ್ತು. ಹತ್ತನೇ ತರಗತಿ ಮುಗಿಸಿ ಅಲ್ಲೇ ಕೂತವರು ಇಪ್ಪತ್ತು ವರ್ಷ ಸೋರುವುದನ್ನು ನಿಲ್ಲಿಸುತ್ತಲೇ ಇದ್ದರು. ಒಂದು ದಿನ ಕ್ಲಬ್ಬಿನ ಕಾರ್ಯದರ್ಶಿ ಉಂಗುರದಂಥ ಚಿಕ್ಕದೊಂದು ರಬ್ಬರ್ ವಾಷರ್ ಹಿಡಿದು ಬಂದರು. ಹೊರದೇಶದಿಂದ ಹೊಸದು ಬರಲು ಮೂರು ತಿಂಗಳು ಬೇಕಂತೆ, ಅಂಥದ್ದು ಸಿಗುತ್ತದೆಯೇ ಎಂದು ಕೇಳಿದರು. ಇವರು ಅಳತೆ ತೆಗೆದು, ಡಬ್ಬಿಗಳನ್ನೆಲ್ಲ ಮಗುಚಿ ಹುಡುಕಿ, ಇಲ್ಲ ಎಂದರು. ಅಳತೆ ಹೊಂದುವಂಥದ್ದು ಒಂದಿತ್ತು, ಆದರೆ ಆ ರಬ್ಬರು ಅಷ್ಟು ಒತ್ತಡ ತಡೆಯದು ಎಂದು ಕೊಡಲಿಲ್ಲ. ಕೊಡುವುದಿಲ್ಲ ಎಂದ ಹೆಂಗಸನ್ನೇ ಕಾರ್ಯದರ್ಶಿ ಮುಂದಿನ ವಾರ ಕೆಲಸಕ್ಕೆ ಕರೆದರು. ಅದಾಗಿ ಹದಿನಾಲ್ಕು ವರ್ಷ.

ಗಂಡ ದರ್ಜಿ, ಮನೆಯ ಮುಂಭಾಗದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ನಮ್ಮ ಮನೆಯ ಕುಕ್ಕರು ಸೀಟಿ ಹಾಕುವ ಮುನ್ನ ಇವಳ ಮುಖ ನೋಡುತ್ತದೆ ಎಂದು ಅವರು ನನ್ನೆದುರೇ ಹೇಳಿದರು. ವಾಷರಕ್ಕ ನಗಲಿಲ್ಲ. ಅವರ ಎಡಗಿವಿ ಈಚೆಗೆ ಮಂದವಾಗಿದೆ. ಮೊದಲೆಲ್ಲ ಕಿವಿಗೊಟ್ಟೇ ಸೋರಿಕೆ ಹಿಡಿಯುತ್ತಿದ್ದವರು ಈಗ ಬಕೆಟ್ಟು, ಸಾಬೂನು ನೀರು ನಂಬಿಕೊಂಡಿದ್ದಾರೆ.

ದಿನಕ್ಕೆ ಆರು ಬಂದೂಕು ಮೇಜಿಗೆ ಬರುತ್ತವೆ. ಅವುಗಳಲ್ಲಿ ನಾಲ್ಕಕ್ಕೆ ರೋಗವೇ ಇರುವುದಿಲ್ಲ ಎನ್ನುತ್ತಾರೆ ಅವರು. ಗುರಿ ತಪ್ಪಿದವರು ನೇರ ಇಲ್ಲಿಗೆ ಬಂದು ನಳಿಗೆ ಸೊಟ್ಟಗಾಗಿದೆ ಎನ್ನುತ್ತಾರೆ. ಸೊಟ್ಟಗಿರುವುದು ಅವರು ನಿಂತ ನಿಲುವು. ಇನ್ನು ಕೆಲವರು ಮನೆಯಲ್ಲೇ ಬಿಚ್ಚಿ, ಜೋಡಿಸಲಾಗದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಡಿಬಿಡಿಯಾಗಿ ತಂದು ಸುರಿಯುತ್ತಾರೆ. ಗಾಳಿ ಪೂರ್ತಿ ಖಾಲಿ ಮಾಡದೆ ಒಂದು ತಿರುಪನ್ನೂ ಮುಟ್ಟಬಾರದು ಎಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಆ ಬರಹಕ್ಕೆ ಒರಗಿ ನಿಂತೇ ತಿರುಪು ಬಿಚ್ಚಿದವರೂ ಇದ್ದಾರಂತೆ.

ಮಾತಾಡುತ್ತಲೇ ಅವರು ಸಿಲಿಂಡರಿನ ಗಾಳಿಯನ್ನು ಕೊನೆಯ ಉಸಿರಿನವರೆಗೂ ಬಿಡುತ್ತಾರೆ. ಬಿದಿರಿನ ಕಡ್ಡಿಯಿಂದ ಹಳೆಯ ವಾಷರನ್ನು ಎಬ್ಬಿಸುತ್ತಾರೆ. ಉಕ್ಕಿನ ಸೂಜಿ ಹಾಕಿದರೆ ಲೋಹ ಗೀಚಿ, ಹೊಸ ವಾಷರ್ ಕೂಡ ಸೋರುತ್ತದೆ. ಹೊಸದಕ್ಕೆ ಅಕ್ಕಿಕಾಳಿನಷ್ಟು ಸಿಲಿಕೋನ್ ಗ್ರೀಸ್ ಸವರಿ ಕೂರಿಸುತ್ತಾರೆ. ಅದನ್ನು ಮುಟ್ಟಲು ಹೋದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಬರೆಯಲು ಬಂದವರು ಬರೆಯಬೇಕು ಎನ್ನುತ್ತಾರೆ.

ಸಂದರ್ಶನಕ್ಕೆ ಅವರು ಎರಡು ಸಲ ಒಲ್ಲೆ ಎಂದಿದ್ದರು. ಮೂರನೆಯ ಸಲ ಒಪ್ಪಿದ್ದು ಒಂದು ಕಾರಣಕ್ಕೆ. ಆ ಕಥೆ ಹೇಳುವಾಗ ಅವರ ಸಿಡುಕು ಬೇರೆಯವರನ್ನು ಬಿಟ್ಟು ಅವರ ಮೇಲೇ ತಿರುಗುತ್ತದೆ.

ಕ್ಲಬ್ಬಿನಲ್ಲಿ ಮೂವತ್ತನಾಲ್ಕು ವರ್ಷದ ನರ್ಸ್ ಒಬ್ಬರಿದ್ದಾರೆ. ಆಸ್ಪತ್ರೆಯ ಪಾಳಿ ಮುಗಿಸಿ ಅಭ್ಯಾಸಕ್ಕೆ ಬರುವವರು. ಕಳೆದ ವರ್ಷ ಅರವತ್ತು ಗುಂಡುಗಳ ಮೊದಲ ಸುತ್ತಿನಲ್ಲಿ ಅವರನ್ನು ಮೀರಿಸುವವರೇ ಇರಲಿಲ್ಲ. ಆದರೆ ಫೈನಲ್ಲಿಗೆ ಬಂದಾಗ ಮಾತ್ರ ಕೆಡುತ್ತಿತ್ತು. ಮೊದಲ ಸುತ್ತಿನಲ್ಲಿ ಒಂದರ ಹಿಂದೊಂದು ಗುಂಡು ಹಾರಿಸಬಹುದು. ಫೈನಲ್ಲಿನಲ್ಲಿ ಹಾಗಲ್ಲ. ಒಂದು ಗುಂಡು, ಅಂಕದ ಘೋಷಣೆ, ಕಾಯುವುದು, ಅಪ್ಪಣೆಯಾದ ಮೇಲೆ ಇನ್ನೊಂದು ಗುಂಡು. ಆ ಕಾಯುವಿಕೆ ಮುಗಿದ ಕೂಡಲೇ ನರ್ಸಿನ ಗುಂಡು ಚುಕ್ಕೆಗಿಂತ ಮೇಲೆ ಹೋಗಿ ಕೂರುತ್ತಿತ್ತು. ಮೂರು ಪಂದ್ಯಗಳಲ್ಲಿ ಹೀಗೇ ಆಯಿತು. ಕೈ ಚೆನ್ನಾಗಿದೆ, ಎದೆ ಗಟ್ಟಿಯಿಲ್ಲ ಎಂದು ಕೋಚ್ ತೀರ್ಮಾನಿಸಿದರು. ನಾಲ್ಕು ಜನ ನೋಡುತ್ತಿದ್ದರೆ ಹೆದರುತ್ತಾರೆ ಎಂಬ ಮಾತು ಕ್ಲಬ್ಬಿನ ತುಂಬ ಹರಡಿತು.

ಶಾಸ್ತ್ರಕ್ಕೆಂದು ಕೋಚ್ ಬಂದೂಕನ್ನು ಒಮ್ಮೆ ವಾಷರಕ್ಕನ ಬಳಿ ಕಳಿಸಿದರು. ಇವರು ಗುಂಡಿನ ವೇಗ ಅಳೆಯುವ ಯಂತ್ರದ ಮುಂದೆ ಪಟಪಟನೆ ಹತ್ತು ಗುಂಡು ಹಾರಿಸಿದರು. ಹತ್ತೂ ಸೆಕೆಂಡಿಗೆ ನೂರ ಎಪ್ಪತ್ತೈದು ಮೀಟರಿನ ಆಸುಪಾಸು. ಬಂದೂಕಿನಲ್ಲಿ ದೋಷವಿಲ್ಲ ಎಂದು ಚೀಟಿ ಬರೆದು ಸಹಿ ಹಾಕಿದರು. ಕೋಚ್ ಆ ಚೀಟಿಯನ್ನು ನರ್ಸಿನ ಮುಂದೆ ಹಿಡಿದರು.

ಎರಡು ದಿನ ಬಿಟ್ಟು ನರ್ಸ್ ತಾವೇ ಈ ಕೋಣೆಗೆ ಬಂದದ್ದನ್ನು ವಾಷರಕ್ಕ ಹೀಗೆ ಹೇಳುತ್ತಾರೆ.

"ಅಕ್ಕ, ಇನ್ನೊಂದ್ಸಲ ನೋಡ್ತೀರಾ, ಗುಂಡು ನಾನು ಹೇಳಿದ ಕಡೆ ಹೋಗ್ತಿಲ್ಲ ಅಂದ್ರು. ನಾನೇನಂದೆ ಗೊತ್ತಾ? ನಿಮ್ಮಂಥವರು ದಿನಕ್ಕೆ ನಾಲ್ಕು ಜನ ಬಂದು ಇದನ್ನೇ ಹೇಳ್ತಾರೆ ಅಂದೆ. ಹಂಗೇ ಅಂದುಬಿಟ್ಟೆ."

ನರ್ಸ್ ಇನ್ನೂ ಕೆಲವು ತಿಂಗಳು ಏಗಿದರು. ಆಮೇಲೆ ಬಂದೂಕನ್ನು ಕ್ಲಬ್ಬಿಗೆ ಒಪ್ಪಿಸಿ ಬರುವುದನ್ನೇ ನಿಲ್ಲಿಸಿದರು. ಬೇರೆಯವರಿಗೆ ಕೊಡುವ ಮುನ್ನ ಒಮ್ಮೆ ಪರೀಕ್ಷಿಸಲು ಅದು ಮತ್ತೆ ವಾಷರಕ್ಕನ ಮೇಜಿಗೆ ಬಂತು. ಎಂದಿನಂತೆ ಹತ್ತು ಗುಂಡಿನ ಲೆಕ್ಕ. ಐದು ಹಾರಿಸುವಷ್ಟರಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಸ್ವಂತ ಬಂದೂಕು ಹಿಡಿದು ಬಾಗಿಲಲ್ಲಿ ನಿಂತರು. ಗಾಳಿ ತುಂಬುವ ತೂತಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದರಂತೆ, ನಯವಾಗಲಿ ಎಂದು. ಯಾವುದೋ ವಿಡಿಯೊದಲ್ಲಿ ನೋಡಿದ್ದರಂತೆ.

ಅಂಥ ಒತ್ತಡದ ಗಾಳಿಗೆ ಎಣ್ಣೆ ಸೇರಿದರೆ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಒಳಗೇ ಹೊತ್ತಿಕೊಳ್ಳಬಹುದು. ವಾಷರಕ್ಕ ಕೈಯಲ್ಲಿದ್ದುದನ್ನು ಹಾಗೇ ಇಟ್ಟು, ಮ್ಯಾನೇಜರರನ್ನು ದೂರ ನಿಲ್ಲಿಸಿ, ಅವರ ಬಂದೂಕನ್ನು ಹಿತ್ತಲಿಗೆ ಒಯ್ದು ನಿಧಾನವಾಗಿ ಗಾಳಿ ಬಿಟ್ಟರು. ಬಿಡುವಷ್ಟು ಹೊತ್ತೂ ಬೈದರು. ಸರ್, ನಿಮ್ಮ ಬ್ಯಾಂಕಿನ ಬೀರುವಿಗೆ ಹೀಗೇ ಯಾರೋ ಹೇಳಿದ್ದನ್ನೆಲ್ಲ ಸುರಿಯುತ್ತಿದ್ದಿರಾ ಎಂದೂ ಕೇಳಿದರಂತೆ. ಅದಕ್ಕೆಲ್ಲ ಕಾಲು ಗಂಟೆ ಹಿಡಿಯಿತು.

ಅದೇ ಸಿಟ್ಟಿನಲ್ಲಿ ಒಳಗೆ ಬಂದು ನರ್ಸಿನ ಬಂದೂಕಿಗೆ ಆರನೆಯ ಗುಂಡು ಹಾಕಿ ಹಾರಿಸಿದರು. ಯಂತ್ರ ತೋರಿಸಿದ್ದು ನೂರ ತೊಂಬತ್ತಾರು. ಯಂತ್ರವೇ ಕೆಟ್ಟಿತೇನೋ ಎಂದುಕೊಂಡು ತಕ್ಷಣ ಇನ್ನೊಂದು ಹಾರಿಸಿದರು. ನೂರ ಎಪ್ಪತ್ತೈದು.

"ಅಲ್ಲೇ ಸ್ಟೂಲ್ ಮೇಲೆ ಕೂತ್ಕೊಂಡೆ" ಎನ್ನುತ್ತಾರೆ.

ಆಮೇಲೆ ಗಡಿಯಾರ ಹಿಡಿದು ಕೂತರು. ಅರ್ಧ ನಿಮಿಷ ಕಾದು ಹಾರಿಸಿದರೆ ವೇಗದಲ್ಲಿ ವ್ಯತ್ಯಾಸವಿಲ್ಲ. ಒಂದು ನಿಮಿಷ ಕಾದರೆ ನೂರ ಎಂಬತ್ತೆರಡು, ಎರಡು ನಿಮಿಷಕ್ಕೆ ನೂರ ತೊಂಬತ್ತನಾಲ್ಕು. ರೆಗ್ಯುಲೇಟರ್ ಮುಚ್ಚಿಕೊಂಡಂತೆ ಕಂಡರೂ ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಕಾಯುವಾಗ ಗಾಳಿ ತೊಟ್ಟುತೊಟ್ಟಾಗಿ ಮುಂದಕ್ಕೆ ಜಾರಿ ಸೇರಿಕೊಂಡು, ಮುಂದಿನ ಗುಂಡನ್ನು ಜೋರಾಗಿ ತಳ್ಳಿ ಚುಕ್ಕೆಯ ಮೇಲಕ್ಕೆ ಒಯ್ಯುತ್ತಿತ್ತು. ಹೊರಗೆ ಸೋರದ್ದರಿಂದ ಗುಳ್ಳೆ ಏಳುವುದಿಲ್ಲ; ಪಟಪಟನೆ ಹಾರಿಸಿದರೆ ಸಿಕ್ಕಿಬೀಳುವುದಿಲ್ಲ. ಬಿಚ್ಚಿ ನೋಡಿದಾಗ ಒಳಗಿನ ಬಿರಡೆ ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ಗೀರು, ಪಕ್ಕದಲ್ಲಿ ಗಾಳಿಯೊಂದಿಗೆ ಒಳಬಂದ ಹಿತ್ತಾಳೆಯ ಒಂದು ಚೂರು. ಗಾಳಿ ತುಂಬುವ ಕೊಳವೆಗೆ ಸೋಸುವ ಜಾಲರಿ ಹಾಕಿಸಿ ಎಂದು ಇವರು ಸಮಿತಿಗೆ ಮೂರು ಸಲ ಬರೆದುಕೊಟ್ಟಿದ್ದರು. ಪರಿಶೀಲಿಸೋಣ ಎಂಬ ಉತ್ತರ ಮೂರು ಸಲವೂ ಬಂದಿತ್ತು.

ಅಂಕಿಗಳನ್ನು ಹಾಳೆಯಲ್ಲಿ ಬರೆದು ಕೋಚ್ ಬಳಿಗೆ ಓಡಿದರು. ಕ್ಲಬ್ಬಿನ ತಂಡದ ಪಟ್ಟಿ ನರ್ಸಿನ ಹೆಸರಿಲ್ಲದೆ ಹಿಂದಿನ ವಾರವೇ ಹೋಗಿತ್ತು. ಕೋಚ್ ಹಾಳೆ ನೋಡಿ, ಬಂದೂಕಿನದೂ ಸ್ವಲ್ಪ ಇರಬಹುದು, ಆದರೆ ಅವರಿಗೆ ಧೈರ್ಯ ಕಮ್ಮಿಯೆನ್ನುವುದೂ ನಿಜವೇ ಅಲ್ಲವೇ ಎಂದರು. ವಾಷರಕ್ಕ ಅವರೊಂದಿಗೆ ವಾದಕ್ಕೆ ನಿಲ್ಲದೆ ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದರು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ನರ್ಸ್ ಹಾಳೆಯನ್ನು ಎರಡು ಸಲ ಓದಿದರು. ಸಮಾಧಾನಪಡುತ್ತಾರೆ, ಅಳುತ್ತಾರೆ ಎಂದೆಲ್ಲ ವಾಷರಕ್ಕ ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದರು. ನರ್ಸಿಗೆ ಬಂದದ್ದು ಕೋಪ.

"ಎಂಟು ತಿಂಗಳು ನಿದ್ದೆ ಮಾತ್ರೆ ತಗೊಂಡಿದ್ದೀನಿ ಅಕ್ಕ. ಇಂಜೆಕ್ಷನ್ ಕೊಡುವಾಗಲೂ ಕೈ ನಡುಗ್ತಿದೆಯಾ ಅಂತ ನನ್ನ ಕೈನ ನಾನೇ ನೋಡ್ಕೊತಿದ್ದೆ. ನಾನು ನಿಮ್ಮ ಹತ್ರ ಬಂದು ಕೇಳಿದ್ದೆನಲ್ಲ."

ಅಷ್ಟು ಹೇಳಿ ಹಾಳೆಯನ್ನು ವಾಪಸು ಕೊಟ್ಟು ಒಳಗೆ ಹೋದರು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ವಾಷರಕ್ಕ ನನ್ನನ್ನು ಕೇಳುತ್ತಾರೆ. ಅವರು ಒಂದು ನಿಮಿಷ ವಾಷರುಗಳ ಡಬ್ಬಿಯನ್ನು ಸುಮ್ಮನೆ ಮುಚ್ಚುತ್ತಾರೆ, ತೆರೆಯುತ್ತಾರೆ.

ಆ ಬಂದೂಕನ್ನು ಅವರು ಬೇರೆಯವರಿಗೆ ಕೊಡಲು ಬಿಡಲಿಲ್ಲ. ಗೀರು ಬಿದ್ದ ಭಾಗವನ್ನೇ ಬದಲಿಸಿ, ದಿನವೂ ಬೆಳಿಗ್ಗೆ ಎರಡೆರಡು ನಿಮಿಷ ಕಾದು ಹಾರಿಸಿ ವೇಗ ಬರೆದಿಟ್ಟರು. ಕೇಳಿದವರಿಗೆಲ್ಲ ಇನ್ನೂ ರಿಪೇರಿಯಲ್ಲಿದೆ ಎಂದರು. ಹದಿನಾಲ್ಕು ವರ್ಷದಲ್ಲಿ ಕ್ಲಬ್ಬಿಗೆ ಹೇಳಿದ ಸುಳ್ಳು ಅದೊಂದೇ ಎನ್ನುತ್ತಾರೆ. ಮೂವತ್ತೈದನೆಯ ದಿನ ನರ್ಸ್ ಬಂದರು. ಬಂದೂಕು ಕೈಗೆ ತಗೊಂಡು ಗುರಿಯ ಮುಂದೆ ನಿಂತರು. ವಾಷರಕ್ಕ ಪಕ್ಕದಲ್ಲಿ ಗಡಿಯಾರ ಹಿಡಿದರು. ಪ್ರತಿ ಗುಂಡಿಗೂ ಎರಡು ನಿಮಿಷದ ಕಾಯುವಿಕೆ, ಒಟ್ಟು ಇಪ್ಪತ್ತು ಗುಂಡು. ಹತ್ತೊಂಬತ್ತು ಹತ್ತು ಅಂಕದ ವೃತ್ತದೊಳಗೆ ಬಿದ್ದವು. ಒಂದು ಒಂಬತ್ತಕ್ಕೆ ಹೋಯಿತು. ವಾಷರಕ್ಕ ಗಾಬರಿಯಾಗಿ ಬಂದೂಕಿಗೆ ಕೈ ಚಾಚಿದಾಗ ನರ್ಸ್ ಮೊದಲ ಬಾರಿಗೆ ನಕ್ಕು, ಬಿಡಿ ಅಕ್ಕ, ಈ ತಪ್ಪು ನಂದೇ ಎಂದರಂತೆ.

ಈ ಬಾರಿ ಕ್ಲಬ್ಬಿನ ಫೈನಲ್ಲಿನಲ್ಲಿ ನರ್ಸ್ ಎರಡನೆಯವರಾಗಿ ಬಂದರು. ತಂಡದ ಆಯ್ಕೆ ಇನ್ನೂ ಆಗಬೇಕಿದೆ. ಕೊಳವೆಗೆ ಜಾಲರಿ ಬಂದಿದೆ; ಕಾಯಲಾರದೆ ವಾಷರಕ್ಕ ತಾವೇ ತಂದು ಹಾಕಿದ್ದು. ಈಗ ಎರಡು ನಿಮಿಷದ ಪರೀಕ್ಷೆ ಆಗದೆ ಯಾವ ಬಂದೂಕೂ ಈ ಕೋಣೆ ದಾಟುವುದಿಲ್ಲ. ಒಂದೊಂದಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಸದಸ್ಯರು ಬಾಗಿಲಲ್ಲಿ ನಿಂತು ಗೊಣಗುತ್ತಾರೆ. ಏನೂ ಆಗಿಲ್ಲ ಕೊಡಿ ಎಂದವರನ್ನು ಇನ್ನಷ್ಟು ಹೊತ್ತು ನಿಲ್ಲಿಸಲಾಗುತ್ತದೆ.

ಆದರೆ ನರ್ಸಿಗೆ ಅಂಟಿದ ಮಾತು ಪೂರ್ತಿ ಹೋಗಿಲ್ಲ. ಈಗಲೂ ಯಾರಾದರೂ ಹೊಸಬರು ಫೈನಲ್ಲಿನಲ್ಲಿ ತಡವರಿಸಿದರೆ, ನರ್ಸಮ್ಮನ ಥರ ಮಾಡಬೇಡ ಎಂದು ಕೋಚ್ ಹೇಳುತ್ತಾರಂತೆ. ದೋಷ ಬಂದೂಕಿನದಾಗಿತ್ತು ಎಂದು ನೋಟಿಸು ಹಾಕಿ ಎಂದು ವಾಷರಕ್ಕ ಎರಡು ಸಲ ಕೇಳಿದ್ದಾರೆ. ಮುಗಿದ ವಿಷಯವನ್ನು ಯಾಕೆ ಕೆದಕುವುದು ಎಂಬ ಉತ್ತರ ಬಂದಿದೆ.

ಫೋಟೊ ಬೇಡ ಎನ್ನುತ್ತಾರೆ. ನೀವು ಬಯಸುವುದೇನು ಎಂದು ನಾನು ಕೇಳಿದ್ದಕ್ಕೆ, ಕೈಯಲ್ಲಿದ್ದ ಸಿಲಿಂಡರನ್ನು ಒರೆಸಿ ಮೇಜಿನ ಮೇಲಿಟ್ಟು ನನ್ನ ಪುಸ್ತಕದ ಕಡೆ ಕೈ ತೋರಿಸುತ್ತಾರೆ.

"ನನ್ನ ವಿಷಯ ಎಷ್ಟಾದರೂ ಕತ್ತರಿಸಿ, ಪರವಾಗಿಲ್ಲ. ಆ ಹೆಣ್ಣುಮಗಳು ಹೆದರಿರಲಿಲ್ಲ, ಚೀಟಿ ಬರೆದವಳು ನಾನು, ತಪ್ಪು ನಂದು. ಇದೊಂದನ್ನ ಹಾಗೇ ಹಾಕಿ. ಕೋಚ್ ಸಾಹೇಬ್ರು ಭಾನುವಾರ ಪೇಪರ್ ತಪ್ಪದೆ ಓದ್ತಾರೆ."