ಟೀಚರಮ್ಮ ವಾಪಸ್ ತಗೊಂಡ ಹೂಂ

ಬಟ್ಟೆ ಒಗೆಯುವ ಆ ದೊಡ್ಡ ಕಾರ್ಖಾನೆಯಲ್ಲಿ ಟೀಚರಮ್ಮನ ಕ್ಲಾಸು ನಡೆಯುತ್ತಿದ್ದುದು ಹರಿದ ಚಾದರಗಳ ಕೋಣೆಯಲ್ಲಿ. ಕುರ್ಚಿಗಳಿಲ್ಲ, ಗಂಟುಗಳ ಮೇಲೆ ಕೂರಬೇಕು. ಗೋಡೆಯಾಚೆ ಒಣಗಿಸುವ ಯಂತ್ರಗಳು ದಿನವಿಡೀ ಗುಡುಗುತ್ತಿದ್ದವು. ಊರಿನ ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಬೆಳ್ಳಗಾಗುವುದು ಇಲ್ಲೇ. ಬೆಳ್ಳಗೆ ಮಾಡುವವರಿಗೆ ಕೂರಲು ಸಿಕ್ಕಿದ್ದು ಹರಿದದ್ದು.

ಕೆಲಸದ ಜಾಗದಲ್ಲಿ ಮಾತಾಡುವುದು ಹೇಗೆಂದು ಇವರಿಗೆ ಕಲಿಸಬೇಕು ಅಂತ ಮೇಲಿನವರ ಅಪ್ಪಣೆಯಾಗಿತ್ತು. ಮಾತು ಕಲಿಸಿ ಅನ್ನುವವರಿಗೆ ಸಾಮಾನ್ಯವಾಗಿ ಬೇಕಿರುವುದು ಮಾತಲ್ಲ, ನಗುನಗುತ್ತ ‘ಆಯ್ತು ಸಾರ್’ ಅನ್ನುವ ಬಾಯಿ. ಆಫೀಸು ಕಳಿಸಿದ ಪುಸ್ತಕದಲ್ಲೂ ಅದೇ ಇತ್ತು. ಮೊದಲ ಪುಟದಲ್ಲಿ ಟೈ ಕಟ್ಟಿದ ಇಬ್ಬರು ಹಲ್ಲು ಬಿಟ್ಟುಕೊಂಡು ಕೈ ಕುಲುಕುತ್ತಿದ್ದರು. ಬಿಸಿ ರೋಲರಿನ ಮುಂದೆ ನಿಂತು ನಿಂತು ಬೆರಳ ತುದಿ ಕಲ್ಲಾಗಿದ್ದ ಇಸ್ತ್ರಿ ಅಕ್ಕ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಇಷ್ಟು ಮೆತ್ತಗಿನ ಕೈ ಇಟ್ಟುಕೊಂಡು ಇವರು ಏನು ಕೆಲಸ ಮಾಡುತ್ತಾರೆ ಅಂತ ಕೇಳಿದಳು. ಅಂದಿನಿಂದ ಪುಸ್ತಕ ಬೀಸಣಿಗೆಯಾಯಿತು.

ಟೀಚರಮ್ಮ ಟೀಚರಾಗಿ ಹುಟ್ಟಿದವಳಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಅರ್ಧ ಆಯುಷ್ಯ ಕಳೆದವಳು. ಅಲ್ಲಿ ಕಲಿತದ್ದು ಒಂದೇ ಪಾಠ: ಕೇಳಿದ್ದನ್ನು ವಾಪಸ್ ಹೇಳಬೇಕು. ನಂಬರು ಹೇಳಿದವನು ತಪ್ಪೋ, ಕೇಳಿದವಳು ತಪ್ಪೋ, ವಾಪಸ್ ಹೇಳಿದಾಗಲೇ ಗೊತ್ತಾಗುವುದು.

ಕ್ಲಾಸಿನ ಮೊದಲ ದಿನವೇ ರೋಗ ಯಾವುದೆಂದು ಅವಳಿಗೆ ತಿಳಿಯಿತು. ಮನೆಯಲ್ಲೊಂದು, ಬೀದಿಯಲ್ಲೊಂದು ಭಾಷೆ ಆಡುವ ಜನ. ಶಾಲೆಯ ಮೆಟ್ಟಿಲು ಹತ್ತದವರು, ಹತ್ತಿ ಇಳಿದವರು, ಮೊಮ್ಮಕ್ಕಳನ್ನು ಕಂಡವರು. ಏನು ಹೇಳಿದರೂ ಎಲ್ಲರದೂ ಒಂದೇ ಉತ್ತರ. ‘ಹೂಂ.’ ತಲೆಯೂ ತೂಗುತ್ತಿತ್ತು. ಅರ್ಥವಾಗಿದ್ದರೂ ಹೂಂ, ಆಗದಿದ್ದರೆ ಇನ್ನೂ ಜೋರಾಗಿ ಹೂಂ. ಅರ್ಥವಾಗಲಿಲ್ಲ ಅಂದರೆ ‘ಕಿವಿ ಎಲ್ಲಿಟ್ಟಿದ್ದೀಯ’ ಅನ್ನಿಸಿಕೊಳ್ಳಬೇಕಲ್ಲ! ಹೇಳುವವನು ಗಂಟಲಲ್ಲೇ ಗೊಣಗಿ ಹೋದರೂ ತಪ್ಪು ಕೇಳಿದವನದೇ. ಈ ನ್ಯಾಯವನ್ನು ಯಾರು ಬರೆದರೋ, ಅವರೆಂದೂ ಬಾಯ್ಲರಿನ ಪಕ್ಕ ನಿಂತವರಲ್ಲ.

ಬಾಯ್ಲರಿನ ಪಕ್ಕ ನಿಂತವನು ಬಾಯ್ಲರ್ ಮಾವ. ಆ ಸದ್ದಿಗೆ ಅವನ ಒಂದು ಕಿವಿ ಪೂರ್ತಿ, ಇನ್ನೊಂದು ಮುಕ್ಕಾಲು ಹೋಗಿತ್ತು. ಹಿಂದೊಮ್ಮೆ ಮೇಲಿನಿಂದ ಯಾರೋ ಫೋನಿನಲ್ಲಿ ಏನೋ ಅಂದರು, ಮಾವ ಹೂಂ ಅಂದ, ಉಗಿ ನಿಲ್ಲಿಸಿದ. ನಿಲ್ಲಿಸಬೇಡ ಅಂದಿದ್ದರಂತೆ. ಲಾರಿಗಟ್ಟಲೆ ಚಾದರ ಒದ್ದೆಯಾಗೇ ಉಳಿಯಿತು, ಮಾವನ ಸಂಬಳಕ್ಕೆ ಕತ್ತರಿ ಬಿತ್ತು. ಹೇಳಿದವನ ಸಂಬಳ ನೆಟ್ಟಗೇ ಇತ್ತು.

ಆದ್ದರಿಂದ ಟೀಚರಮ್ಮ ಒಂದೇ ಕಾನೂನು ಮಾಡಿದಳು. ಕ್ಲಾಸಿನಲ್ಲಿ ಹೂಂ ಅನ್ನುವಂತಿಲ್ಲ. ಅರ್ಥವಾದರೆ ವಾಪಸ್ ಹೇಳಿ, ಇಲ್ಲವಾದರೆ ಇನ್ನೊಂದು ಸಲ ಹೇಳಿ ಅಂತ ಕೇಳಿ. ಬಾಯ್ತಪ್ಪಿ ಹೂಂ ಅಂದವರು ಎಲ್ಲರಿಗೂ ಚಹಾ ತಂದು ಹಂಚಬೇಕು. ಮೊದಲ ವಾರ ಲಾರಿ ಡ್ರೈವರು, ದೊಡ್ಡ ಗಂಟಲಿಗೆ ಹಾರನ್ನು ಅಂತಲೇ ಹೆಸರಾದವನು, ಚಹಾ ಹೊತ್ತು ಹೊತ್ತು ಸುಸ್ತಾದ. ಮದುವೆ ಮಂಟಪದಲ್ಲಿ ಹೂಂ ಅಂದದ್ದಕ್ಕೂ ಇಷ್ಟು ಶಿಕ್ಷೆಯಾಗಿರಲಿಲ್ಲ ಅಂತ ಗೊಣಗಿದ. ಎಲ್ಲರಿಗಿಂತ ಮೊದಲು ಕಲಿತವನು ಮಾವ. ಒಂದು ದಿನ ಫೋನಿನಲ್ಲಿ ‘ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ’ ಅಂತ ಅವನು ಕೂಗಿದ್ದು ಇಡೀ ಕಾರ್ಖಾನೆಗೆ ಕೇಳಿಸಿತು. ಇಸ್ತ್ರಿ ಅಕ್ಕ ರೋಲರು ಬಿಟ್ಟು ಚಪ್ಪಾಳೆ ತಟ್ಟಿದಳು.

ಇಷ್ಟೆಲ್ಲ ಕಲಿಸಿದ ಟೀಚರಮ್ಮನೇ ಒಂದು ಸಂಜೆ ಎಡವಿದಳು. ಒಣಗಿಸುವ ಯಂತ್ರಗಳ ಸಾಲಿನ ನಡುವೆ ಮ್ಯಾನೇಜರು ಎದುರಾದ. ಒಂದು ಕಿವಿಯಲ್ಲಿ ಫೋನು, ಕಾಲು ನಿಲ್ಲದ ಮನುಷ್ಯ. ನಡೆಯುತ್ತಲೇ ಏನೋ ಹೇಳಿದ. ದೊಡ್ಡವರು ಬರುತ್ತಾರೆ ಅನ್ನುವಷ್ಟು ಕೇಳಿಸಿತು, ಉಳಿದದ್ದನ್ನು ಯಂತ್ರ ನುಂಗಿತು. ಕೊನೆಗೆ ‘ಸರಿ ತಾನೇ ಮೇಡಂ?’ ಅಂದ. ಟೀಚರಮ್ಮನ ತಲೆ ತಾನಾಗಿಯೇ ತೂಗಿತು. ‘ಹೂಂ’ ಅಂದಳು.

ಮರುದಿನ ಕ್ಲಾಸಿಗೆ ಬಂದವರು ನಾಲ್ಕೇ ಜನ. ನೋಡಲು ಚೆಂದ, ಮಾತು ಸಲೀಸು ಅಂತ ಆರಿಸಿದವರು. ಅವರಲ್ಲಿ ಇಸ್ತ್ರಿ ಅಕ್ಕನೂ ಹಾರನ್ನೂ ಇದ್ದರು. ಉಳಿದವರಿಗೆ ಇನ್ನು ಕ್ಲಾಸಿಲ್ಲ, ಮೇಲಿನಿಂದ ದೊಡ್ಡವರು ಕ್ಲಾಸು ನೋಡಲು ಬಂದಾಗ ಈ ನಾಲ್ವರನ್ನು ತೋರಿಸಿದರೆ ಸಾಕು ಅಂತ ಮ್ಯಾನೇಜರು ಹೇಳಿ ಕಳಿಸಿದ್ದ.

“ನೀವೇ ಒಪ್ಪಿದ್ರಂತೆ ಮೇಡಂ,” ಅಂದ ಹಾರನ್ನು. ಅವನ ದನಿ ಅಷ್ಟು ಸಣ್ಣಗಾದದ್ದನ್ನು ಯಾರೂ ಕೇಳಿರಲಿಲ್ಲ.

ಟೀಚರಮ್ಮ ಗಂಟಿನ ಮೇಲೆ ಕೂತಳು. ಬಾಗಿಲಲ್ಲಿ ಬಾಯ್ಲರ್ ಮಾವ ನಿಂತಿದ್ದ. ಒಳಗೆ ಬರಬಹುದೋ ಬಾರದೋ ತಿಳಿಯದೆ ಹೊಸ್ತಿಲಾಚೆಯೇ ಉಳಿದಿದ್ದ.

“ನಂಗೆ ಇಲ್ಲೊಂದೇ ಕಡೆ ಎರಡು ಸಲ ಹೇಳ್ತಿದ್ರು,” ಅಂದ. “ಬೇರೆ ಕಡೆ ಎರಡು ಸಲ ಬೈತಾರೆ. ಇರ್ಲಿ ಬಿಡಿ, ಅಭ್ಯಾಸ ಇದೆ.”

ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಇರಲಿ ಬಿಡಿ ಅಂದದ್ದು ಚುಚ್ಚಿತು.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದಳು. ಅವನು ತಟ್ಟೆ ತೊಳೆಯುತ್ತ ಕೇಳಿದ:

“ಹಾಗಾದ್ರೆ ಇಷ್ಟು ವರ್ಷ ನನ್ ಮಾತಿಗೆ ಹೂಂ ಅಂದಿದ್ದೂ ಕೇಳಿಸ್ಕೊಳ್ದೇನಾ?”

“ಅದು ಚೆನ್ನಾಗಿ ಕೇಳಿಸ್ಕೊಂಡೇ ಅಂದಿದ್ದು. ಅದಕ್ಕೇ ಯಾವ್ದನ್ನೂ ಮಾಡ್ಲಿಲ್ಲ.”

ಗಂಡ ನಕ್ಕ. ಹಾಗಿದ್ದರೆ ಆ ಮ್ಯಾನೇಜರಿಗೂ ನೇರವಾಗಿ ಹೇಳಿಬಿಡು ಅಂದ. ಹೇಳುವುದು ಸುಲಭವಿರಲಿಲ್ಲ. ಈ ಕೆಲಸ ಹೋದರೆ ಇನ್ನೊಂದು ಸಿಗುವ ವಯಸ್ಸು ಅವಳದಲ್ಲ. ಅರ್ಥವಾಗದಿದ್ದರೆ ಕೇಳಿ ಅಂತ ಊರಿಗೆಲ್ಲ ಹೇಳುವವರಿಗೂ ತಮ್ಮ ಸಂಬಳ ಕೊಡುವವನ ಮುಂದೆ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಹೆದರಿಕೆಗೆ ಓದಿದವರು, ಓದದವರು ಅನ್ನುವ ಭೇದವಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಎಲ್ಲರನ್ನೂ ಕರೆದಳು, ಆರಿಸಿದವರು ಆರಿಸದವರು ಅನ್ನದೆ. ತಾನು ಕೇಳಿಸಿಕೊಳ್ಳದೆ ಹೂಂ ಅಂದೆ, ಅದನ್ನು ವಾಪಸ್ ತಗೊಳ್ಳಬೇಕು, ಆದರೆ ಭಯವಾಗುತ್ತಿದೆ ಅಂತ ಹೇಳಿಬಿಟ್ಟಳು. ಇಸ್ತ್ರಿ ಅಕ್ಕ ಎದ್ದು ಸೆರಗು ಸಿಕ್ಕಿಸಿಕೊಂಡಳು. ಹಾಗಾದರೆ ಇವತ್ತು ನಿಮಗೇ ಕ್ಲಾಸು ಅಂದಳು.

ಹಾರನ್ನು ಮ್ಯಾನೇಜರಾದ. ಸೋಪಿನ ಡಬ್ಬಿಯನ್ನು ಕಿವಿಗಿಟ್ಟುಕೊಂಡು ಅತ್ತಿಂದಿತ್ತ ನಡೆದ. ಟೀಚರಮ್ಮ ಹಿಂದೆ ಹಿಂದೆ ಹೋಗುತ್ತ, ತಪ್ಪು ತಿಳಿಯಬೇಡಿ ಸಾರ್, ತೊಂದರೆ ಕೊಡುತ್ತಿದ್ದೇನೆ ಸಾರ್, ಒಂದು ಸಣ್ಣ ವಿಷಯ ಸಾರ್ ಅಂತ ಶುರುಮಾಡಿದಳು.

“ಮೇಡಂ, ಇಷ್ಟೊತ್ತಾಯ್ತು, ವಿಷಯ ಇನ್ನೂ ಗೇಟಲ್ಲೇ ನಿಂತಿದೆ,” ಅಂದಳು ಇಸ್ತ್ರಿ ಅಕ್ಕ. “ನೀವೇ ಹೇಳ್ಕೊಟ್ಟಿದ್ದಲ್ವಾ? ಆಗಿದ್ದು ಹೇಳು, ಬೇಕಾದ್ದು ಹೇಳು, ಆಮೇಲೆ ಬಾಯ್ಮುಚ್ಚು.”

ಬಾಯಿ ಮುಚ್ಚುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಎದುರಿನವನು ಸುಮ್ಮನಾದ ಕೂಡಲೇ ಟೀಚರಮ್ಮ ಇನ್ನೊಂದು ‘ಸಾರಿ’ ತುರುಕುತ್ತಿದ್ದಳು. ಮಾವ ಗಂಟಿನ ಮೇಲೆ ಕೂತು ಅವಳ ತುಟಿಯನ್ನೇ ದಿಟ್ಟಿಸುತ್ತಿದ್ದ. ಅದು ಅಲುಗಿದಾಗಲೆಲ್ಲ ಬೆರಳೆತ್ತುತ್ತಿದ್ದ. ಬಿಡುವು ಮುಗಿಯುವ ಹೊತ್ತಿಗೆ ಬೆರಳು ಏಳುವುದು ನಿಂತಿತು.

ಅಲ್ಲಿಂದ ನೇರವಾಗಿ ಮ್ಯಾನೇಜರ ಕೋಣೆಗೆ ಹೋದಳು. ಅವನು ಫೋನಿನಲ್ಲಿದ್ದ. ಮುಗಿಯುವವರೆಗೂ ನಿಂತಳು.

“ಸಾರ್, ಮೊನ್ನೆ ನೀವು ಹೇಳಿದ್ದು ನನಗೆ ಕೇಳಿಸಿರ್ಲಿಲ್ಲ. ಆದ್ರೂ ಹೂಂ ಅಂದೆ, ಅದು ನನ್ ತಪ್ಪು. ಆ ಹೂಂ ವಾಪಸ್ ತಗೋತೀನಿ. ಕ್ಲಾಸು ಎಲ್ಲರಿಗೂ ಇರ್ಬೇಕು.”

ಬಾಯಿ ಮುಚ್ಚಿದಳು. ತುಟಿ ಅಲುಗಲಿಲ್ಲ.

ಮ್ಯಾನೇಜರು ಆ ಮೌನವನ್ನು ತುಂಬಲು ಹೊರಟ. ದೊಡ್ಡವರು ಬರುತ್ತಾರೆ, ನೋಡಲು ಚೆನ್ನಾಗಿರಬೇಕು, ಆ ಬಾಯ್ಲರಿನವನನ್ನು ಮುಂದೆ ಕೂರಿಸಿದರೆ ಏನು ಚೆಂದ ಅಂತ ಒಂದೇ ಉಸಿರಿಗೆ ಹೇಳಿದ. ಅರ್ಥವಾಯಿತೇ ಅಂತ ಕೇಳಿದ.

“ಇಲ್ಲ ಸಾರ್. ಇನ್ನೊಂದ್ಸಲ ಹೇಳಿ.”

ಅವನು ಇನ್ನೊಂದು ಸಲ ಶುರುಮಾಡಿದ, ಈ ಸಲ ನಿಧಾನವಾಗಿ. ಕೆಲವು ಮಾತುಗಳು ಓಡುವಾಗ ಮಾತ್ರ ಮರ್ಯಾದಸ್ಥರಂತೆ ಕಾಣುತ್ತವೆ. ಕಿವಿ ಕೇಳಿಸದವನಿಗೆ ಮಾತು ಕಲಿಸುವುದು ಬೇಡ ಅನ್ನುವಲ್ಲಿಗೆ ಬಂದಾಗ ಅವನಿಗೇ ಅದು ಕೇಳಿಸಿತು. ಅಲ್ಲಿಗೇ ನಿಂತ. ಫೋನು ಬಡಿದುಕೊಂಡರೂ ಎತ್ತಲಿಲ್ಲ. ಕೊನೆಗೆ, ಎಲ್ಲರೂ ಇರಲಿ, ಆದರೆ ಬಂದವರ ಮುಂದೆ ಮಾನ ಕಳೆಯಬೇಡಿ ಅಂದ.

“ವಾಪಸ್ ಹೇಳ್ತೀನಿ ಸಾರ್. ಕ್ಲಾಸು ಎಲ್ಲರಿಗೂ ಇರತ್ತೆ. ಅದನ್ನ ನೀವೇ ಇವತ್ತು ಎಲ್ಲರಿಗೂ ಹೇಳ್ತೀರಿ. ಸರಿನಾ?”

“ಹೂಂ,” ಅಂದ ಮ್ಯಾನೇಜರು.

ಟೀಚರಮ್ಮ ಕದಲಲಿಲ್ಲ. “ಅದು ನಮ್ಮಲ್ಲಿ ನಡೆಯಲ್ಲ ಸಾರ್.”

ಅವನು ಅವಳನ್ನು ನೋಡಿದ. ಗಾಜಿನಾಚೆ ಟ್ರಾಲಿ ತಳ್ಳುವ ನೆಪದಲ್ಲಿ ನಿಂತಿದ್ದ ಗುಂಪನ್ನೂ ನೋಡಿದ. ಗಂಟಲು ಸರಿಮಾಡಿಕೊಂಡ. “ಕ್ಲಾಸು ಎಲ್ಲರಿಗೂ ಇರತ್ತೆ. ನಾನೇ ಹೇಳ್ತೀನಿ,” ಅಂತ ಪಾಠ ಒಪ್ಪಿಸಿದ.

ಆ ಸಂಜೆ ಹರಿದ ಚಾದರಗಳ ಕೋಣೆ ತುಂಬಿತ್ತು. ಕಾನೂನು ಕಾನೂನೇ ಅಂತ ಇಸ್ತ್ರಿ ಅಕ್ಕ ಚಹಾದ ಕೆಟಲನ್ನು ಟೀಚರಮ್ಮನ ಕೈಗೇ ಕೊಟ್ಟಳು. ಮ್ಯಾನೇಜರ ಸರದಿ ನಾಳೆ ಅಂತ ಹಾರನ್ನು ಸಾರಿದ. ಲೋಟ ತುಂಬುತ್ತ ಬಾಯ್ಲರ್ ಮಾವನ ಹತ್ತಿರ ಬಂದಾಗ ಅವನು ಏನೋ ಅಂದ. ಜನ್ಮದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ. ಗೋಡೆಯಾಚೆಯ ಯಂತ್ರ ಅದನ್ನು ನುಂಗಿತು. ಟೀಚರಮ್ಮನ ತಲೆ ತೂಗಲು ಹೊರಟಿತು, ಅರ್ಧದಲ್ಲೇ ತಡೆದಳು.

“ಕೇಳಿಸ್ಲಿಲ್ಲ ಮಾವ. ಇನ್ನೊಂದ್ಸಲ ಹೇಳಿ.”

“ಇನ್ನೊಂದ್ ಸ್ವಲ್ಪ ಹಾಕಿ ಅಂದೆ,” ಅಂತ ಮಾವ ಲೋಟ ಮುಂದೆ ಹಿಡಿದ.